ಜಯಾಬಾಯಿಯ ಒಡಪಿಗೆ ಉಲ್ಟಾ ಒಡಪು

ಬರುವ ಶುಕ್ರವಾರ ಆ ಜಯಾಬಾಯಿಯ ಮೂಗು ಕೆಳಗೆ ಇಳಿಯದಿದ್ದರೆ ತಾನು ವೆಂಕೂಬಾಯಿಯೇ ಅಲ್ಲ ಎಂದು ಒಲೆಯ ಮುಂದೆ ಶಪಥವಾಯಿತು. ಸಾಕ್ಷಿಗೆ ಸಾರಿನ ಪಾತ್ರೆ ಒಂದೇ.

ಅದು ಸಕ್ಕರೆ ರೇಷನ್ನಿಗೆ ಹೋದ ವರ್ಷ. ಶ್ರಾವಣ ಶುಕ್ರವಾರ ಮಾನ್ವಿಯ ಆ ಓಣಿಯ ಮುತ್ತೈದೆಯರೆಲ್ಲ ಅರಿಶಿನ ಕುಂಕುಮಕ್ಕೆ ಸೇರಿ, ಒಡಪು ಕಟ್ಟಿ, ಪ್ರಾಸದ ಸಾಲಿನಲ್ಲಿ ಗಂಡನ ಹೆಸರು ಹೇಳುವರು. ಬೇರೆ ದಿನ ಆ ಹೆಸರು ಬಾಯಿಗೆ ತರುವ ಹಾಗಿಲ್ಲ. ಎಲ್ಲರಿಗಿಂತ ಚಂದ ಹೇಳುವವಳದು ಕೊನೆಯ ಸರದಿ. ಹನ್ನೆರಡು ವರ್ಷ ಆ ಸರದಿ ವೆಂಕೂಬಾಯಿಯದೇ ಆಗಿತ್ತು. ರಾಯಚೂರಿನಿಂದ ಓಣಿಗೆ ಹೊಸದಾಗಿ ಬಂದ ಜಯಾಬಾಯಿ ಒಂದೇ ಏಟಿಗೆ ಅದನ್ನು ಕಸಿದುಕೊಂಡಳು.

"ಮುಡಿಯೊಳಗ ಮಲ್ಲಿಗಿ ಫ್ಲವರ್, ನಮ್ಮ ವೆಂಕಟೇಶರಾಯರು ಬಾಳ ಕ್ಲೆವರ್."

ಇಂಗ್ಲಿಷ್ ಒಡಪು ಎಂದು ಹೆಂಗಸರು ಹುಚ್ಚೆದ್ದು ಚಪ್ಪಾಳೆ ಹೊಡೆದರು. ವೆಂಕೂಬಾಯಿಗೆ ಅಂದು ಊಟ ಸೇರಲಿಲ್ಲ. ರಾತ್ರಿಯೆಲ್ಲ ಲೆಕ್ಕ ಹಾಕಿದಳು. ಆಕೆಯ ಗಂಡ ಕುಳ್ಳ, ನಮ್ಮವರು ಉದ್ದ. ಅವನದು ಬೋಳುತಲೆ, ನಮ್ಮವರದು ಗೇಣುದ್ದ ಜುಟ್ಟು. ಎಲ್ಲದರಲ್ಲೂ ಉಲ್ಟಾ. ಅಂದಮೇಲೆ ಅವನಿಗೆ ಒಪ್ಪಿದ ಮಾತಿನ ಉಲ್ಟಾ ಮಾತೇ ನಮ್ಮವರಿಗೆ ಒಪ್ಪಬೇಕು.

ಗಂಡ ಗೋಪಾಲಕೃಷ್ಣರಾಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರ. ತಾಟಿನ ಮುಂದೆ ಕೂತಾಗಲೇ ಹಿಡಿದಳು.

"ಏನ್ರೀ, ಕ್ಲೆವರ್ ಅಂದ್ರ ಅದರ ಉಲ್ಟಾ ಏನು?"

"ಡಲ್, ಸ್ಟುಪಿಡ್, ಫೂಲಿಶ್. ಯಾವುದು ಬೇಕು? ಅರ್ಥ ಹೇಳಲೇನು?"

"ಬ್ಯಾಡ್ರಿ, ನನಗ ಅಷ್ಟೂ ತಿಳಿಯಂಗಿಲ್ಲೇನು?"

ಡಲ್ ಎಂಬುದು ಚೆಂಬು ಬಿದ್ದ ಸದ್ದಿನ ಹಾಗೆ, ತೂಕವಿಲ್ಲ. ಸ್ಟುಪಿಡ್ ನಾಲಿಗೆಗೆ ತೊಡರುತ್ತದೆ. ಮೂರನೆಯದು ಮಾತ್ರ ಪ್ರಾಸಕ್ಕೆ ಬಂಗಾರ.

ಶುಕ್ರವಾರ, ಆ ವಾರ ಅರಿಶಿನ ಕುಂಕುಮಕ್ಕೆ ಕರೆದಿದ್ದ ಸತ್ಯಭಾಮಾಬಾಯಿಯ ಪಡಸಾಲೆಯಲ್ಲಿ ವೆಂಕೂಬಾಯಿ ಸೆರಗು ಸರಿಮಾಡಿಕೊಂಡು ನಿಂತಳು.

"ಬೂಟಿಗೆ ಪಾಲಿಶ್, ತಲಿಗೆ ಮಾಲಿಶ್, ನಮ್ಮ ಗೋಪಾಲಕೃಷ್ಣರಾಯರು ಭಾರಿ ಫೂಲಿಶ್."

ಮೂರು ಸಲ ಹೇಳಿಸಿದರು. ಜಯಾಬಾಯಿ ಬಾಯಿಗೆ ಸೆರಗು ಒತ್ತಿ ಕೂತಿದ್ದಳು. 'ಉರಿ ಹತ್ತಿತು' ಎಂದು ವೆಂಕೂಬಾಯಿಗೆ ತಂಪಾಯಿತು. "ನಮಗೂ ಕಲಿಸ್ರಿ" ಎಂದವರಿಗೆಲ್ಲ ಧಾರಾಳವಾಗಿ ಕಲಿಸಿದಳು. ದೀಪ ಹಚ್ಚುವ ಹೊತ್ತಿಗೆ ಓಣಿಯ ಗಂಡಂದಿರೆಲ್ಲ ಫೂಲಿಶ್.

ಮನೆಗೆ ಬಂದು ಗಂಡನ ಮುಂದೆ ಹೇಳಿದರೆ, ರಾಯರ ಕೈಯ ಅಡಿಕೆ ಜಾರಿತು.

"ಕ್ಲೆವರ್ ಅಂದ್ರ ಶಾಣ್ಯಾ. ಫೂಲಿಶ್ ಅಂದ್ರ ಮಬ್ಬ."

ವೆಂಕೂಬಾಯಿಗೆ ಜಯಾಬಾಯಿ ಬಾಯಿಗೆ ಒತ್ತಿದ್ದ ಸೆರಗು ನೆನಪಾಯಿತು. "ಆಕಿಗಿ ಅರ್ಥ ಗೊತ್ತಿತ್ತು. ಬರೋ ವಾರ ಎಲ್ಲಾರ ಮುಂದ ಒದರ್ತಾಳ."

"ಒದರ್ಲಿ ಬಿಡು. ಯಾಕ ಬೇಕು ಅಂತ ಕೇಳದ ಕೊಟ್ಟಾವ ನಾನು. ಆ ಮಾತು ನನಗ ಸರಿಯಾಗೇ ಒಪ್ಪತದ."

ಮುಂದಿನ ಶುಕ್ರವಾರ ಹೆಂಗಸರು ಒಬ್ಬೊಬ್ಬರಾಗಿ ತಂತಮ್ಮ ಗಂಡನನ್ನು ಮಬ್ಬ ಮಾಡುತ್ತ ಬಂದರು. ಕೊನೆಗೆ ಜಯಾಬಾಯಿ ಎದ್ದಳು. ವೆಂಕೂಬಾಯಿ ನೆಲ ನೋಡಿದಳು.

"ಬೂಟಿಗೆ ಪಾಲಿಶ್, ತಲಿಗೆ ಮಾಲಿಶ್, ನಮ್ಮ ವೆಂಕಟೇಶರಾಯರೂ ಭಾರಿ ಫೂಲಿಶ್."

ಕೂರುವಾಗ ವೆಂಕೂಬಾಯಿಯ ಕಿವಿಯಲ್ಲಿ ಅಂದಳು, "ನಮ್ಮವರನ್ನ ಒಬ್ಬರನ್ನೇ ಶಾಣ್ಯಾ ಮಾಡಿ ಎಲ್ಲಿ ಕೂಡಸ್ಲಿ, ವೈನಿ?"

ವೆಂಕೂಬಾಯಿಯ ಕಣ್ಣು ತುಂಬಿತು. ಎಂಥ ದೊಡ್ಡ ಮನಸ್ಸಿನ ಹೆಂಗಸು ಎಂದುಕೊಂಡಳು. ಆದರೂ ಮನೆ ಮುಟ್ಟುವ ತನಕ ಒಂದೇ ಮಾತು ಒಳಗೆ ಕೊರೆಯುತ್ತಿತ್ತು. ಒಡಪು ಕಟ್ಟಿದವಳು ತಾನು. ಚಪ್ಪಾಳೆ ಮಾತ್ರ ಆಕೆಗೇ ಹೆಚ್ಚು ಬಿತ್ತು.