ಏಪ್ರನ್ ಕಟ್ಟಿಕೊಂಡ ಕಂಡಕ್ಟರು

ತಪ್ಪೆಲ್ಲ ಮೊಳೆಗೆ ನೇತುಹಾಕಿದ್ದ ಆ ಏಪ್ರನ್ನಿನದು.

ನಿವೃತ್ತ ಕಂಡಕ್ಟರು ಉಚಿತ ದಿನಸಿ ಕೇಂದ್ರದ ಸಾಲಿನಲ್ಲಿ ನಿಂತದ್ದು ಅದೇ ಮೊದಲು. ಪಿಂಚಣಿ ನಿಂತಲ್ಲೇ ನಿಂತಿತ್ತು. ಬೇಳೆ ಎಣ್ಣೆಗಳ ಬೆಲೆ ಮಾತ್ರ ಬ್ರೇಕಿಲ್ಲದ ಬಸ್ಸಿನಂತೆ ಓಡುತ್ತಿತ್ತು. ಅಕ್ಕಿ ಡಬ್ಬದ ತಳ ಕಾಣುತ್ತಿದೆ, ಬರಿಗೈಲಿ ಬಂದರೆ ಮಧ್ಯಾಹ್ನ ಒಲೆ ಹಚ್ಚುವುದಿಲ್ಲ ಎಂದು ಹೆಂಡತಿ ಹೇಳಿಯೇ ಕಳಿಸಿದ್ದಳು. ಹೆಸರು ಬರೆಸಿ, ಚೀಟಿ ಪಡೆದು, ಪರಿಚಯದವರು ಯಾರೂ ಕಾಣದಿದ್ದರೆ ಸಾಕೆಂದು ತಲೆ ತಗ್ಗಿಸಿ ನಿಂತರು.

ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ಹೆಡ್ ಮೇಡಂ ಬಂದರು, ಕೈಯಲ್ಲಿ ತುಂಬಿದ ಚೀಲ. ಎದುರು ಮನೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರಿಗೆ ಗೊತ್ತಾದರೆ ಇಡೀ ಕಟ್ಟಡಕ್ಕೇ ಗೊತ್ತಾದಂತೆ. ಕಂಡಕ್ಟರಿಗೆ ಜೀವ ಬಾಯಿಗೆ ಬಂತು. ಪಕ್ಕದ ಮೊಳೆಯಲ್ಲಿದ್ದ ಸ್ವಯಂಸೇವಕರ ಏಪ್ರನ್ ಎಳೆದು ಕೊರಳಿಗೆ ಹಾಕಿಕೊಂಡರು.

"ನೀವಿಲ್ಲಿ?" ಅಂದರು ಮೇಡಂ.

"ಮನೇಲಿ ಕೂತು ಬೇಜಾರು ಮೇಡಂ. ವಾರಕ್ಕೊಂದಿನ ಸೇವೆ ಮಾಡೋಣ ಅಂತ."

ಮೇಡಂ ಒಂದು ಗಳಿಗೆ ಏಪ್ರನ್ನನ್ನೇ ನೋಡಿದರು. ಆಮೇಲೆ ಚೀಲವನ್ನು ಅವರ ಕೈಗಿಟ್ಟರು. "ಒಳ್ಳೇದಾಯ್ತು. ನಾನೂ ಇದನ್ನ ಯಾರಿಗಾದ್ರೂ ಕೊಡೋಣ ಅಂತಲೇ ಬಂದೆ."

ದೊಡ್ಡ ಪಿಂಚಣಿಯವರಿಗೆ ದಾನ ಮಾಡುವ ಭಾಗ್ಯವೂ ಇದೆ ಎಂದು ಕಂಡಕ್ಟರು ಒಳಗೊಳಗೇ ಕರುಬಿದರು.

ಅಷ್ಟರಲ್ಲಿ ಕೇಂದ್ರದ ಮೇಲ್ವಿಚಾರಕಿ ಏಪ್ರನ್ ಕಂಡವಳೇ ಅವರನ್ನು ಹಂಚುವ ಮೇಜಿಗೆ ಎಳೆದೊಯ್ದಳು. ಹಳೇ ಅಭ್ಯಾಸ ಎಲ್ಲಿ ಹೋಗುತ್ತದೆ? ಮುಂದೆ ಹೋಗಿ ಎಂದು ಸಾಲು ನಡೆಸಿದರು, ಚೀಟಿ ಹರಿದರು, ಎರಡು ಜಗಳ ಬಿಡಿಸಿದರು. ಎಲ್ಲರೂ ಹೊಗಳಿದಷ್ಟೂ ಜೇಬಿನಲ್ಲಿದ್ದ ತಮ್ಮ ಚೀಟಿ ಹೊರತೆಗೆಯುವುದು ಕಷ್ಟವಾಗುತ್ತ ಹೋಯಿತು. ಕೊನೆಗೆ ಉಳಿದದ್ದು ಮೇಡಂ ಕೊಟ್ಟ ಚೀಲ ಒಂದೇ. ಅದರ ಮೇಲೆ ಕೈಯಿಟ್ಟದ್ದೇ ತಡ, ಏದುಸಿರು ಬಿಡುತ್ತ ಬಂದ ಮುದುಕಿಯೊಬ್ಬಳು ಚೀಟಿ ಚಾಚಿದಳು. ಏಪ್ರನ್ ಕಟ್ಟಿದವರು ಇಲ್ಲ ಎನ್ನುವುದು ಹೇಗೆ? ಕೊಟ್ಟುಬಿಟ್ಟರು.

ಎಲ್ಲರೂ ಹೋದ ಮೇಲೆ ನಾಚಿಕೆ ಬಿಟ್ಟು ತಮ್ಮ ಚೀಟಿ ತೋರಿಸಿದರು. ಮೇಲ್ವಿಚಾರಕಿ ಹಣೆ ಚಚ್ಚಿಕೊಂಡಳು.

"ಮೊದಲೇ ಹೇಳ್ಬಾರ್ದಿತ್ತಾ? ಇನ್ನು ಮುಂದಿನ ವಾರಾನೇ. ಇವತ್ತು ಎಲ್ಲರಿಗೂ ಏನಾಗಿದೆಯೋ! ಆ ಹೆಡ್ ಮೇಡಂ ಎರಡು ವರ್ಷದಿಂದ ತಪ್ಪದೆ ಬಂದು ಚೀಲ ತಗೊಂಡು ಹೋಗ್ತಾರೆ. ಇವತ್ತು ತಗೊಂಡಿದ್ದನ್ನೂ ಬಾಗಿಲಲ್ಲೇ ವಾಪಸ್ ಕೊಟ್ಟು ಹೋದ್ರಂತೆ."

ಕಂಡಕ್ಟರು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದರು. ತಮ್ಮದೊಂದು ಸುಳ್ಳು ಎರಡು ಮನೆಯ ಅನ್ನ ಕಳೆದಿತ್ತು. ನಿಜ ಹೇಳಿ ಕ್ಷಮೆ ಕೇಳಲೇಬೇಕೆಂದು ನೇರವಾಗಿ ಹೋಗಿ ಮೇಡಂ ಮನೆಯ ಬಾಗಿಲು ತಟ್ಟಿದರು.

ಮೇಡಂ ಬಾಗಿಲನ್ನು ಅರ್ಧ ತೆಗೆದರು. ಹಿಂದೆ ಒಲೆಯ ಮೇಲೆ ಪಾತ್ರೆ ಇರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಿಟ್ಟು ಕಂಡಕ್ಟರು ಬೇರೆಯದನ್ನೇ ಕೇಳಿದರು.

"ಊಟ ಆಯ್ತಾ ಮೇಡಂ?"

"ಆಯ್ತು. ನಿಮ್ದು?"

"ನಮ್ದೂ ಆಯ್ತು," ಅಂದರು ಕಂಡಕ್ಟರು.