ಬೀಳ್ಕೊಡುಗೆಯ ರೋಹು

ಮಾವ ಊರಿಗೆ ಹೊರಡುವ ಹಿಂದಿನ ದಿನ ಆಡಿದ ಒಂದು ಮಾತು ಮೋನಪ್ಪನನ್ನು ಕತ್ತಿನವರೆಗೆ ನೀರಿಗಿಳಿಸಿತು.

ಆರ್.ಕೆ.ಪುರಂನ ಸರಕಾರಿ ಕ್ವಾರ್ಟರ್ಸಿನಲ್ಲಿ ಗುಮಾಸ್ತ ಮೋನಪ್ಪನಿಗೆ ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ, ಒಂದು ಮಂಚ. ವಾರದ ಮಟ್ಟಿಗೆಂದು ಮಲ್ಪೆಯಿಂದ ಬಂದ ಮಾವ ಕರುಣಾಕರ ಎರಡೂವರೆ ತಿಂಗಳಿಂದ ಆ ಮಂಚದ ಮೇಲಿದ್ದರು. ಮೋನಪ್ಪ ಬಾಲ್ಕನಿಯಲ್ಲಿ ಮಲಗುತ್ತಿದ್ದ. ದಸರೆ ಮುಗಿದು ದಿಲ್ಲಿಯ ಚಳಿ ಚಾಪೆಯ ಅಡಿಯಿಂದ ಏರತೊಡಗಿತ್ತು. ಕೊನೆಗೂ ಸೋಮವಾರದ ಮದ್ರಾಸು ರೈಲಿಗೆ ಟಿಕೆಟ್ ಆಗಿತ್ತು. ಆ ಟಿಕೆಟನ್ನು ಮೋನಪ್ಪ ದೇವರ ಪಟದ ಹಿಂದೆ ಇಟ್ಟು ದಿನಕ್ಕೆರಡು ಸಲ ಮುಟ್ಟಿ ನೋಡುತ್ತಿದ್ದ.

ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ ಮಾವ ಮಗಳಿಗೆ ಹೇಳಿದರು: "ನೀಲಾವತಿ, ಊರಲ್ಲಿ ಕೇಳುವವರಿಗೆ ಏನು ಹೇಳಲಿ? ಅಳಿಯ ದೊಡ್ಡ ನೌಕರಿಯಲ್ಲಿದ್ದಾನೆ, ಮಗಳು ಬಟಾಟೆ ತಿಂದು ಬದುಕಿದ್ದಾಳೆ ಅಂತ ಹೇಳುವುದಾ? ಹೊರಡುವವನಿಗೆ ಒಂದು ತುಂಡು ತಾಜಾ ಮೀನು ಹಾಕಿ ಕಳಿಸುವ ಯೋಗ್ಯತೆ ಈ ಊರಿಗೆ ಇಲ್ಲ."

ನಾಲ್ಕು ದೋಣಿಗಳ ಯಜಮಾನನಾಗಿದ್ದ ಮಾವನ ಬಾಯಲ್ಲಿ 'ಈ ಊರು' ಎಂದರೆ ಅಳಿಯ ಎಂದೇ ಅರ್ಥ. ಮಂಜುಗಡ್ಡೆಯಲ್ಲಿ ಮಲಗಿ ಬಂದ ಮಾರ್ಕೆಟ್ಟಿನ ಮೀನನ್ನು ಅವರು 'ಹೆಣ' ಎಂದು ತಳ್ಳಿಹಾಕಿದ್ದರು. ಮೋನಪ್ಪನಿಗೆ ಉರಿಯಿತು. ಮಧ್ಯಾಹ್ನದ ಊಟಕ್ಕೆ ಸ್ವಂತ ಕೈಯಿಂದ ಮೀನು ಹಿಡಿದು ತರುತ್ತೇನೆ, ಹೊಟ್ಟೆ ತುಂಬ ಉಂಡೇ ರೈಲು ಹತ್ತಿ ಎಂದುಬಿಟ್ಟ. ಸಮುದ್ರದ ಪಕ್ಕದಲ್ಲಿ ಹುಟ್ಟಿದ್ದೇನೋ ನಿಜ, ಆದರೆ ಅವನಪ್ಪನದು ಹೋಟೆಲು. ಮೋನಪ್ಪ ಅದುವರೆಗೆ ಹಿಡಿದ ಮೀನೆಲ್ಲ ತಟ್ಟೆಯಲ್ಲಿದ್ದದ್ದೇ.

ಮೇಲಿನ ಮನೆಯ ಹವಾಲ್ದಾರ್ ನಾಚಪ್ಪನ ಹತ್ತಿರ ಗಾಳವೂ ಇತ್ತು, ಸ್ಕೂಟರೂ ಇತ್ತು. ಕಾವೇರಿಯಲ್ಲಿ ಮೀನು ಹಿಡಿದು ಬೆಳೆದ ಆ ಕೊಡಗಿನವನು ಸುದ್ದಿ ಕೇಳಿದ್ದೇ ತಡ, ಬೂಟು ಹಾಕಿಕೊಂಡು ಇಳಿದ. ಬಡಖಲ್ ಕೆರೆಗೆ ಹೋಗುವುದೆಂದಾಯಿತು. ಅಷ್ಟರಲ್ಲಿ ಎದುರುಮನೆಯ ಕಪೂರ್ ಬಾಬು ಬಂದು, ಇಲ್ಲಿನ ರೋಹು ಮೀನು ಎರೆಹುಳ ಮೂಸುವುದಿಲ್ಲ, ಗೋಧಿ ಹಿಟ್ಟಿನ ಉಂಡೆಗೆ ಇಂಗು ಸೇರಿಸಿ ಚುಚ್ಚಬೇಕು ಎಂದು ಹಿಂದಿಯಲ್ಲಿ ಉಪದೇಶಿಸಿದರು. ಚಪಾತಿ ತಿನ್ನುವ ಮೀನಿನ ವಿಷಯ ಕೇಳಿ ಮಾವ ನಕ್ಕ ನಗುವಿಗೆ ಚಹಾ ನೆತ್ತಿಗೇರಿತು. ನೀಲಾವತಿ ಮಾತ್ರ ಇಂಗು ಹಾಕಿ ಮುಷ್ಟಿ ಹಿಟ್ಟು ಕಲಸಿ ಗಂಡನ ಟಿಫಿನ್ ಡಬ್ಬಿಗೆ ಹಾಕಿದಳು.

ಕೆರೆಯ ದಂಡೆಯಲ್ಲಿ ಭಾನುವಾರದ ಪಿಕ್ನಿಕ್ ಜನ ತುಂಬಿತ್ತು. ಮೀನು ಹಿಡಿಯಲು ಪರವಾನಗಿ ಚೀಟಿ ಮಾಡಿಸಿ ಮೋನಪ್ಪ ಮೊದಲ ಸಲ ಗಾಳ ಬೀಸಿದಾಗ ಕೊಕ್ಕೆ ಅವನ ಪ್ಯಾಂಟಿಗೇ ಸಿಕ್ಕಿತು. ಎರಡನೆಯ ಸಲ ಹಿಂದೆ ಕೂತಿದ್ದ ಒಬ್ಬ ಸರದಾರ್ಜಿಯ ಪೂರಿ ಆಕಾಶಕ್ಕೆ ಹಾರಿ ಕೆರೆಗೆ ಬಿತ್ತು. ಮೂರನೆಯ ಸಲ ಒಂದು ಎಡಗಾಲಿನ ಚಪ್ಪಲಿ ಬಂತು. ನಾಚಪ್ಪ ಪರೇಡಿನ ದನಿಯಲ್ಲಿ "ದಾರ ಸಡಿಲ ಬಿಡು, ಕಣ್ಣು ಮುಂದೆ" ಎನ್ನುತ್ತಲೇ ಇದ್ದ. ಪೂರಿ ಕಳೆದುಕೊಂಡವರು, ಐಸ್‌ಕ್ರೀಮಿನ ಭಯ್ಯಾ, ಯಾರ್‍ಯಾರೋ ಹಿಂದೆ ನಿಂತು ಸಲಹೆ ಕೊಡತೊಡಗಿದರು. ಸೂರ್ಯ ನೆತ್ತಿಗೆ ಬಂದ. ಡಬ್ಬಿಯಲ್ಲಿ ಉಳಿದದ್ದು ಒಂದೇ ಉಂಡೆ.

ಅದನ್ನು ಚುಚ್ಚಿ ಎಸೆದು ಮೋನಪ್ಪ ಮಾವನ ನಗುವನ್ನು ನೆನೆಯುತ್ತ ಕೂತಿದ್ದ. ಗಾಳ ಒಮ್ಮೆಲೇ ಬಿಲ್ಲಿನಂತೆ ಬಾಗಿತು. ಬಿಡಬಾರದೆಂಬುದೊಂದೇ ಅವನಿಗೆ ಗೊತ್ತಿದ್ದದ್ದು. ಬಿಡಲಿಲ್ಲ. ಮೀನು ಅವನನ್ನು ಮೊಣಕಾಲುದ್ದ, ಸೊಂಟದುದ್ದ, ಕತ್ತಿನುದ್ದದ ನೀರಿಗೆ ಎಳೆಯಿತು. ಈಜು ಬಾರದ ಮೋನಪ್ಪ ಬೇರೆ ಆಸರೆ ಕಾಣದೆ ಮೀನನ್ನೇ ತಬ್ಬಿಕೊಂಡ. ನಾಚಪ್ಪ ಮೋನಪ್ಪನ ಕಾಲರ್ ಹಿಡಿದ, ಸರದಾರ್ಜಿ ನಾಚಪ್ಪನ ಬೆಲ್ಟು ಹಿಡಿದರು. ಮೂವರೂ ಮೀನೂ ಒಟ್ಟಿಗೆ ದಡಕ್ಕೆ ಬಂದು ಬಿದ್ದರು. ಬಾಳೆದಿಂಡಿನಷ್ಟು ದಪ್ಪದ ರೋಹು. ದಂಡೆಯ ಜನವೆಲ್ಲ ಚಪ್ಪಾಳೆ ತಟ್ಟಿತು. ಮೂವತ್ತೆಂಟು ವರ್ಷದ ಬದುಕಿನಲ್ಲಿ ಮೋನಪ್ಪನಿಗಾಗಿ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಅವನ ಕಣ್ಣು ತುಂಬಿತು.

ಅಂಗಿ ಬಿಚ್ಚಿ ಮೀನಿಗೆ ಸುತ್ತಿ, ಬನಿಯನ್ನಿನಲ್ಲಿ ನಡುಗುತ್ತ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಸ್ಕೂಟರಿನ ಹಿಂದೆ ಕೂತು ಬಂದ ಅವನನ್ನು ನೋಡಲು ಕ್ವಾರ್ಟರ್ಸಿನ ಬಾಲ್ಕನಿಗಳೆಲ್ಲ ತುಂಬಿದವು. ಮಾವ ಕನ್ನಡಕ ಏರಿಸಿ ಕಿವಿರು ಬಿಡಿಸಿ ನೋಡಿದರು. ಅಂಗಡಿಯದೋ ಕೆರೆಯದೋ ಎಂಬುದು ಅಲ್ಲಿ ಗೊತ್ತಾಗುತ್ತದೆ. ಕಿವಿರು ದಾಸವಾಳದಂತೆ ಕೆಂಪಗಿತ್ತು. ಅವರು ಎದ್ದು, ಮದುವೆಯಾದ ಹನ್ನೊಂದು ವರ್ಷದಲ್ಲಿ ಮೊದಲ ಸಲ, ಅಳಿಯನ ಬೆನ್ನು ತಟ್ಟಿದರು.

ನೀಲಾವತಿ ಜತನವಾಗಿಟ್ಟಿದ್ದ ಊರಿನ ತೆಂಗಿನಕಾಯಿಗಳನ್ನು ಒಡೆದಳು. ಹುಣಸೆ ಹುಳಿ ಮುಂದಾಗಿ, ಕೆಂಪು ಮೆಣಸಿನ ಗಸಿ ಕುದಿಯಿತು. ನಾಚಪ್ಪನ ಮನೆಗೆ ಬಾಲದ ಭಾಗ, ಕಪೂರ್ ಬಾಬುವಿಗೆ ನಾಲ್ಕು ಹುರಿದ ತುಂಡು, ಹಿರಿಯ ಅತಿಥಿಗೆ ತಲೆ. ಮಾವ ಸಂಜೆ ನಾಲ್ಕರವರೆಗೆ ಉಂಡರು. ಮುಳ್ಳು ಜಾಸ್ತಿ ಎಂಬ ಒಂದೇ ದೂರು, ಅದನ್ನೂ ಪ್ರೀತಿಯಿಂದಲೇ ಹೇಳಿದರು. ಮೋನಪ್ಪ ಸೀನುತ್ತ, ಬೆರಳು ನೆಕ್ಕುತ್ತ, ನಾಳೆ ರಾತ್ರಿ ಮಂಚದ ಯಾವ ಮಗ್ಗುಲಲ್ಲಿ ಮಲಗುವುದೆಂದು ಲೆಕ್ಕ ಹಾಕುತ್ತಿದ್ದ. ಲೋಕದಲ್ಲಿ ಅವನಷ್ಟು ಸುಖಿ ಆಗ ಯಾರೂ ಇರಲಿಲ್ಲ.

ಮಾವ ಕೈ ತೊಳೆದು ಬಂದು ಮಂಚದ ಮೇಲೆ ಕಾಲು ಚಾಚಿದರು.

"ಮೋನಪ್ಪ, ನಾನು ಈ ಊರಿಗೆ ಅನ್ಯಾಯ ಮಾಡಿದೆ ಮಾರಾಯ. ಮೀನಿಲ್ಲದ ಊರಲ್ಲಿ ಮನುಷ್ಯ ಎಷ್ಟು ದಿನ ಇರಬಹುದು ಅಂತ ತಾನೇ ನಾನು ಹೊರಟದ್ದು? ಇನ್ನು ಯಾಕೆ ಹೋಗಬೇಕು? ಆ ಟಿಕೆಟ್ ವಾಪಸು ಕೊಟ್ಟು ಬಾ. ಹಾಗೆಯೇ ನಿನ್ನ ಅತ್ತೆಗೆ ಒಂದು ತಂತಿ ಕಳಿಸು. ಮೀನು ಉಂಟು, ಬಲೆ ತೆಗೆದುಕೊಂಡು ಕೂಡಲೇ ಹೊರಡು ಅಂತ ಬರೆ. ಜೊತೆಗೆ ನನ್ನ ಗಂಡುಮಕ್ಕಳಿಬ್ಬರೂ ಬರಲಿ, ಬಲೆ ಎಳೆಯಲಿಕ್ಕೆ ಜನ ಬೇಕಲ್ಲ."

ನೀಲಾವತಿಯ ಮುಖ ಅರಳಿತು. ಹನ್ನೊಂದು ವರ್ಷಗಳಿಂದ ಅವಳ ಅಮ್ಮ ಈ ಮನೆ ನೋಡಿರಲಿಲ್ಲ. ಆ ಮುಖ ನೋಡಿದ ಮೇಲೆ ಮೋನಪ್ಪ ದೇವರ ಪಟದ ಹಿಂದಿನಿಂದ ಟಿಕೆಟನ್ನು ತೆಗೆದು ಜೇಬಿಗೆ ಹಾಕಿಕೊಂಡ.

ಸಂಜೆ ತಾರ್ ಆಫೀಸಿನ ಕಿಟಕಿಯ ಬಾಬು ಫಾರಮ್ಮಿನ ಮೇಲಿನ ಪದಗಳನ್ನು ಪೆನ್ಸಿಲಿನಿಂದ ಎಣಿಸಿ, ಅರ್ಜೆಂಟೋ ಆರ್ಡಿನರಿಯೋ ಎಂದು ಕೇಳಿದ.

ಮೋನಪ್ಪ ಒಂದು ಸಲ ಸೀನಿ ಮೂಗು ಒರೆಸಿಕೊಂಡ.

"ಭಯ್ಯಾ, ಅದಕ್ಕಿಂತ ನಿಧಾನದ್ದು ಯಾವುದಾದರೂ ಉಂಟಾ?"