ಚುಕ್ಕೆ ಅಕ್ಷರದ ಶಾಲೆ

ಕಣ್ಣು ಕಾಣದ ಮಕ್ಕಳಿಗೆ ಪಾಠ ಹೇಳುತ್ತಿದ್ದೆ ಎಂದರೆ ಕೇಳಿದವರು ಮೊದಲು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅಲ್ಲಿ ವಾರಕ್ಕೊಂದಾದರೂ ನಗುವ ಸಂಗತಿ ನಡೆಯುತ್ತಿತ್ತು ಎಂದರೆ ನಂಬುವುದಿಲ್ಲ. ನಡೆಯುತ್ತಿದ್ದದ್ದು ನಿಜ. ಹೆಚ್ಚಿನ ಸಲ ನಗೆಗೀಡಾಗುತ್ತಿದ್ದವರು ಕಣ್ಣಿದ್ದವರು, ಅವರಲ್ಲಿ ನಾನೂ ಒಬ್ಬಳು.

ಐವತ್ತರ ದಶಕದಲ್ಲಿ ಮದರಾಸಿಗೆ ಹೋಗಿ ಬ್ರೈಲ್ ಕಲಿತು ಬಂದೆ. ದಪ್ಪ ಕಾಗದದಲ್ಲಿ ಉಬ್ಬಿದ ಚುಕ್ಕೆಗಳು, ಬೆರಳಿನಿಂದ ಮುಟ್ಟಿ ಓದುವ ಅಕ್ಷರ. ಉಡುಪಿಯಲ್ಲಿ ಬಾಡಿಗೆಯ ಮನೆಯೊಂದರಲ್ಲಿ ಶಾಲೆ. ಮಕ್ಕಳು ಅಲ್ಲಿಯೇ ಉಳಿಯುತ್ತಿದ್ದರು. ಅಡುಗೆಗೆ ಒಬ್ಬ ಭಟ್ಟರು, ಪಾಠಕ್ಕೆ ನಾನು.

ಒಂದು

ಶಾಲೆಗೆ ಮಕ್ಕಳನ್ನು ಕಳಿಸಿ ಎಂದು ಮನೆ ಮನೆಗೆ ಹೋಗಿ ಕೇಳುವುದೂ ನನ್ನ ಕೆಲಸವೇ ಆಗಿತ್ತು. ಹೂಡೆಯಲ್ಲಿ ಒಂದು ಬ್ಯಾರಿ ಮುಸ್ಲಿಂ ಕುಟುಂಬದಲ್ಲಿ ಕಣ್ಣು ಕಾಣದ ಐದು ವರ್ಷದ ಹುಡುಗಿ ಇದ್ದಾಳೆಂದು ತಿಳಿದು ಹೋದೆ. ತಾಯಿ ಬಾಗಿಲಿಗೆ ಬಂದರು. ಹುಡುಗಿ ಅವರ ಸೊಂಟದ ಮೇಲೆ, ಕಾಲು ಅವರ ಮೊಣಕಾಲಿನವರೆಗೆ ಜೋತಾಡುತ್ತಿತ್ತು.

"ಇವಳು ನಡೆಯುವುದಿಲ್ಲವಾ?" ಎಂದು ಕೇಳಿದೆ.

"ಎಲ್ಲಿ ನಡೆಯುವುದು ಟೀಚರ್? ಹುಟ್ಟಿದಂದಿನಿಂದ ನೆಲಕ್ಕೆ ಇಳಿಸಿದ್ದೇ ಇಲ್ಲ. ಇನ್ನು ನಿಮ್ಮ ಶಾಲೆಗೆ ಹೇಗೆ ಕಳಿಸುವುದು?" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಅವಳನ್ನು ಚಾಪೆಯ ಮೇಲೆ ಕೂರಿಸಿ, ಚಹಾ ಮಾಡಲು ಹಿತ್ತಿಲ ಕಡೆಯ ಅಡುಗೆಮನೆಗೆ ಹೋದರು.

ಅವರ ಹೆಜ್ಜೆಯ ಸದ್ದು ದೂರವಾದದ್ದೇ ತಡ, ಹುಡುಗಿ ಎದ್ದಳು. ಗೋಡೆ ಸವರಿಕೊಂಡು ಮೂಲೆಯ ಪೆಟ್ಟಿಗೆ ಹತ್ತಿದಳು, ಅಲ್ಲಿಂದ ಕಿಟಕಿಯ ದಂಡೆಗೆ ಕಾಲಿಟ್ಟಳು, ಮೇಲಿನ ಹಲಗೆಯ ಡಬ್ಬಿಯಿಂದ ಎರಡು ತುಂಡು ಬೆಲ್ಲ ತೆಗೆದಳು, ಬಂದ ದಾರಿಯಲ್ಲೇ ಇಳಿದು ಬಂದು ಒಂದನ್ನು ನನ್ನ ಕೈಯಲ್ಲಿಟ್ಟಳು.

"ಉಮ್ಮನಿಗೆ ಹೇಳಬೇಡಿ," ಎಂದಳು ಮೆಲ್ಲಗೆ. "ನನಗೆ ನಡೆಯಲಿಕ್ಕೆ ಬರುತ್ತದೆ ಅಂತ ಅವರಿಗೆ ಇನ್ನೂ ಗೊತ್ತಿಲ್ಲ."

ಎರಡು

ಮಕ್ಕಳು ತಿಂಗಳಿಗೊಮ್ಮೆ ಮನೆಗೆ ಕಾಗದ ಬರೆಯುತ್ತಿದ್ದರು. ಅವರು ಚುಕ್ಕೆಯಲ್ಲಿ ಬರೆದದ್ದನ್ನು ನಾನು ಕೆಳಗೆ ಶಾಯಿಯಲ್ಲಿ ಬರೆದು ಅಂಚೆಗೆ ಹಾಕುವುದು ಕ್ರಮ. ಒಮ್ಮೆ ನಾನು ರಜೆಯಲ್ಲಿದ್ದಾಗ ಕಾರ್ಕಳ ಕಡೆಯ ಒಬ್ಬ ಹುಡುಗ ಭಟ್ಟರಿಂದ ವಿಳಾಸ ಮಾತ್ರ ಬರೆಸಿ ಕಾಗದ ಕಳಿಸಿಬಿಟ್ಟ.

ನಾನು ಮರಳಿ ಬಂದ ದಿನ ಅವನ ತಂದೆ ಜಗಲಿಯಲ್ಲಿ ಕೂತಿದ್ದರು. ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ರೈತರು, ನಾಟಿಯ ಕೆಲಸ ಬಿಟ್ಟು ಎರಡು ಬಸ್ಸು ಹಿಡಿದು ಬಂದಿದ್ದರು.

"ಕಾಗದವನ್ನು ಪಾದ್ರಿಗಳಿಗೆ ತೋರಿಸಿದೆ. ಹುಳ ತಿಂದಿರಬೇಕು ಅಂದರು. ಪೋಸ್ಟ್ ಮಾಸ್ಟರಿಗೆ ತೋರಿಸಿದೆ. ಇಂಥದ್ದು ನಮ್ಮ ಆಫೀಸಿನಲ್ಲಿ ಆಗುವುದಿಲ್ಲ ಅಂದರು. ಅವನ ತಾಯಿ ಎರಡು ದಿನದಿಂದ ಊಟ ಮಾಡಲಿಲ್ಲ. ಎಂತ ಆಗಿದೆ ನಮ್ಮ ಹುಡುಗನಿಗೆ?"

ಹುಡುಗನನ್ನೇ ಕರೆದು ಓದಲು ಹೇಳಿದೆ. ಅವನು ಬೆರಳಾಡಿಸಿ ಸ್ಪಷ್ಟವಾಗಿ ಓದಿದ: "ನಾನು ಚೆನ್ನಾಗಿದ್ದೇನೆ. ಈಗ ನಾಟಿಯ ಸಮಯ. ಕೆಲಸ ಬಿಟ್ಟು ಇಷ್ಟು ದೂರ ಬರುವ ತೊಂದರೆ ತೆಗೆದುಕೊಳ್ಳಬೇಡಿ."

ತಂದೆ ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಇನ್ನು ಮುಂದೆ 'ಬರಬೇಡಿ' ಅಂತ ಬರೆಯುವುದಿದ್ದರೆ ನಿಮ್ಮ ಅಕ್ಷರದಲ್ಲಿ ಬರೆಯಿರಿ ಟೀಚರ್. 'ಬನ್ನಿ' ಅಂತ ಬರೆಯುವುದಿದ್ದರೆ ಅವನ ಅಕ್ಷರವೇ ಸಾಕು."

ಮೂರು

ಒಂದು ವರ್ಷ ಹೊಸ ಇನ್ಸ್‌ಪೆಕ್ಟರು ತಪಾಸಣೆಗೆ ಬಂದರು. ಹನ್ನೊಂದು ವರ್ಷದ ಒಬ್ಬ ಹುಡುಗ ಪಾಠ ಓದಿ ತೋರಿಸಿದ. ಬಾಯಿಪಾಠ ಇರಬೇಕೆಂದು ಅವರಿಗೆ ಸಂಶಯ. ಪುಸ್ತಕ ಕಿತ್ತುಕೊಂಡು ನಡುವೆ ಎಲ್ಲೋ ತೆರೆದು ಕೊಟ್ಟರು. ಹುಡುಗ ಬೆರಳಿಟ್ಟು ನೋಡಿ, "ತಲೆಕೆಳಗೆ ಕೊಟ್ಟಿದ್ದೀರಿ ಸಾರ್," ಎಂದು ತಿರುಗಿಸಿಕೊಂಡು ಓದಿದ. ಇನ್ಸ್‌ಪೆಕ್ಟರು ಅವನ ಮುಖದ ಮುಂದೆ ಕೈ ಬೀಸಿದರು. ಗಾಳಿ ತಾಗಿ ಅವನು ರೆಪ್ಪೆ ಮಿಟುಕಿಸಿದ. ಅವರು ಅದನ್ನು ಬರೆದುಕೊಂಡು ಹೋದರು.

ಹದಿನೈದು ದಿನದಲ್ಲಿ ಇಲಾಖೆಯಿಂದ ಪತ್ರ ಬಂತು. ಸದರಿ ವಿದ್ಯಾರ್ಥಿಗೆ ಕಣ್ಣು ಕಾಣುತ್ತದೆಂಬ ಅನುಮಾನವಿದೆ, ವೈದ್ಯರ ಸರ್ಟಿಫಿಕೇಟ್ ಒದಗಿಸದಿದ್ದರೆ ಅವನನ್ನು ಶಾಲೆಯಿಂದ ಬಿಡಿಸತಕ್ಕದ್ದು.

ತಂದೆ ಇಲ್ಲದ ಹುಡುಗ. ಬಿಡಿಸಿದರೆ ಮನೆಯ ಮೂಲೆಯಲ್ಲಿ ಕೂರುವುದೇ ಗತಿ. ಅವನನ್ನು ಕರೆದುಕೊಂಡು ಮಣಿಪಾಲಕ್ಕೆ ಹೋದೆ. ಒಳಗೆ ಎಂತ ಮಾತಾಡಬೇಕು, ಎಂತ ಮಾತಾಡಬಾರದು ಎಂದು ಮಾತ್ರ ಹೇಳಿಕೊಡಲಿಲ್ಲ. ಅದೇ ತಪ್ಪಾಯಿತು.

ಡಾಕ್ಟರು ಕೈ ಎತ್ತಿ, "ಎಷ್ಟು ಬೆರಳು?" ಎಂದರು.

"ಎರಡು."

ಎರಡೇ ಇತ್ತು. ಡಾಕ್ಟರು ನನ್ನ ಮುಖ ನೋಡಿದರು.

"ಈಗ?"

"ಮೂರು."

ಅದೂ ಸರಿ. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ನಾನು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡೆ.

"ನಿನಗೆ ಕಾಣುತ್ತದಲ್ಲ ಮಾರಾಯ," ಎಂದರು.

"ಇಲ್ಲ ಸಾರ್. ಎಲ್ಲ ಡಾಕ್ಟರುಗಳೂ ಮೊದಲು ಎರಡು ತೋರಿಸುತ್ತಾರೆ, ಆಮೇಲೆ ಮೂರು. ನಾನು ಇಷ್ಟರವರೆಗೆ ನಾಲ್ಕು ಡಾಕ್ಟರುಗಳ ಹತ್ತಿರ ಹೋಗಿದ್ದೇನೆ."

ಡಾಕ್ಟರು ಎರಡು ಕೈಗಳನ್ನೂ ಮೇಜಿನ ಕೆಳಗೆ ಇಟ್ಟುಕೊಂಡು, "ಈಗ ಹೇಳು," ಎಂದರು. ಹುಡುಗ ತುಂಬ ಯೋಚಿಸಿ, "ಒಂದು," ಎಂದ. ಆಮೇಲೆ ಡಾಕ್ಟರು ದೀಪ ಹಿಡಿದು ಕಣ್ಣು ಪೂರ್ತಿ ಪರೀಕ್ಷೆ ಮಾಡಿ, ಸರ್ಟಿಫಿಕೇಟ್ ಬರೆದುಕೊಟ್ಟರು.

ಹೊರಗೆ ಬಂದ ಮೇಲೆ ಹುಡುಗ ಕೇಳಿದ: "ಮೂರರಲ್ಲಿ ಎರಡು ಸರಿ. ನಾನು ಪಾಸು ಅಲ್ವಾ ಟೀಚರ್?"

"ಇಲ್ಲ, ಫೇಲು. ದೇವರು ದೊಡ್ಡವನು," ಎಂದೆ. ಉಡುಪಿ ತಲುಪುವವರೆಗೂ ಅವನು ನನ್ನ ಹತ್ತಿರ ಮಾತಾಡಲಿಲ್ಲ.

ನಾಲ್ಕು

ದೊಡ್ಡವರಾದ ಮಕ್ಕಳ ಮದುವೆಗೂ ನಮಗೆ ಕರೆ ಇರುತ್ತಿತ್ತು. ನಮ್ಮಲ್ಲಿ ಬೆತ್ತದ ಕೆಲಸ ಕಲಿತ ಒಬ್ಬ ಯುವಕ ಉಡುಪಿಯ ಆಫೀಸುಗಳಿಗೆ ಕುರ್ಚಿ ಹೆಣೆದುಕೊಡುತ್ತಿದ್ದ. ನಮ್ಮಲ್ಲೇ ಓದಿ ಕಾರ್ಕಳದ ಮನೆಯಲ್ಲಿದ್ದ ಹುಡುಗಿಯೊಂದಿಗೆ ಮಾತುಕತೆ ನಡೆಯಿತು. ಇಬ್ಬರಿಗೂ ಕಣ್ಣು ಕಾಣದು. ಆದರೂ ಹೆಣ್ಣು ನೋಡುವ ಶಾಸ್ತ್ರ ಬಿಡಕೂಡದು ಎಂದು ಹುಡುಗನ ಸೋದರಮಾವ ಪಟ್ಟು ಹಿಡಿದರು. ಎರಡೂ ಕಡೆಯ ಹಿರಿಯಳಾಗಿ ನಾನು ಹೋದೆ.

ಹುಡುಗಿ ಉಪ್ಪಿಟ್ಟಿನ ತಟ್ಟೆಗಳನ್ನು ಎದುರಿಗಿಟ್ಟು ಕೂತಳು. ಮಾವ ಅಭ್ಯಾಸಬಲದಿಂದ, "ಹುಡುಗಿಯನ್ನು ಸರಿಯಾಗಿ ನೋಡಿಕೋ, ಆಮೇಲೆ ಹೇಳಬೇಡ," ಎಂದರು. ಎಲ್ಲರೂ ನೆಲ ನೋಡಿದರು.

"ನೀವೇ ನೋಡಿ ಮಾವ," ಎಂದ ಹುಡುಗ, "ನಾನು ತಿನ್ನುತ್ತೇನೆ."

ಉಪ್ಪಿಟ್ಟು ಬಾಯಿಗಿಡುವ ಹಾಗಿರಲಿಲ್ಲ. ಉಪ್ಪೋ ಉಪ್ಪು. ನಾವೆಲ್ಲ ಒಂದು ಚಮಚಕ್ಕೆ ಕೈ ನಿಲ್ಲಿಸಿದೆವು. ಹುಡುಗ ಮಾತಿಲ್ಲದೆ ತಟ್ಟೆ ಖಾಲಿ ಮಾಡಿದ. ನೀರು ಕುಡಿದು ಕೇಳಿದ: "ಉಪ್ಪಿಟ್ಟು ನೀವು ಮಾಡಿದ್ದಾ?"

"ಅಲ್ಲ, ಅತ್ತಿಗೆ ಮಾಡಿದ್ದು. ಗಡಿಬಿಡಿಯಲ್ಲಿ ಎರಡು ಸಲ ಉಪ್ಪು ಹಾಕಿದರು. ಭರಣಿಯ ಮುಚ್ಚಳ ಎರಡು ಸಲ ತೆಗೆದದ್ದು ನನಗೆ ಕೇಳಿಸಿತು."

"ಆಗಲೇ ಅವರಿಗೆ ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು. ಆದರೆ ಉಪ್ಪು ಹೆಚ್ಚಾದರೆ ನೀವು ಎಂತ ಮಾಡುತ್ತೀರಿ ಅಂತ ನನಗೆ ಹೇಗೆ ಗೊತ್ತಾಗುವುದು?"

ಮದುವೆ ನಿಶ್ಚಯವಾಯಿತು. ಆ ದಿನ ನೋಡುವ ಶಾಸ್ತ್ರವನ್ನು ಸರಿಯಾಗಿ ಮಾಡಿದವಳು ಅವಳೊಬ್ಬಳೇ.

ಐದು

ಅರವತ್ತರ ದಶಕದಲ್ಲಿ ಒಮ್ಮೆ ಒಂಬತ್ತು ಮಕ್ಕಳನ್ನು ಕಾಪು ಕಡಲತೀರಕ್ಕೆ ಕರೆದುಕೊಂಡು ಹೋದೆ. ಉದ್ದ ಹಗ್ಗಕ್ಕೆ ಗಂಟು ಹಾಕಿ, ಒಂದೊಂದು ಗಂಟನ್ನು ಒಬ್ಬೊಬ್ಬರು ಹಿಡಿದುಕೊಳ್ಳುವುದು, ತುದಿ ನನ್ನ ಕೈಯಲ್ಲಿ. ಮೊದಲು ದೀಪಸ್ತಂಭ ಮುಟ್ಟಿಸಿದೆ. ಕತ್ತಲೆಯಲ್ಲಿ ದೋಣಿಯವರಿಗೆ ದಾರಿ ತಿಳಿಯಲು ಇದು ಬೇಕು ಎಂದು ವಿವರಿಸಿದೆ. "ಪಾಪ, ಅವರಿಗೆ ಯಾರೂ ನಡೆಯಲಿಕ್ಕೆ ಕಲಿಸಲಿಲ್ಲವಾ?" ಎಂದು ಎಂಟು ವರ್ಷದವನೊಬ್ಬ ಕೇಳಿದ.

ಆಮೇಲೆ ನೀರಿಗಿಳಿದೆವು. ಮಕ್ಕಳ ಕಾಲಿನ ಕಡೆಗೇ ನನ್ನ ಗಮನ. ಬಗ್ಗಿದ್ದಾಗ ಒಂದು ಅಲೆ ಬಂದು ಮುಖಕ್ಕೆ ಬಡಿಯಿತು. ಎದ್ದು ನೋಡಿದರೆ ಕನ್ನಡಕ ಇಲ್ಲ. ಅದಿಲ್ಲದೆ ನನಗೆ ಮನುಷ್ಯರಿಗೂ ತೆಂಗಿನ ಮರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಒಂಬತ್ತು ಮಕ್ಕಳು, ಎದುರಿಗೆ ಸಮುದ್ರ. ನಿಜಕ್ಕೂ ಹೆದರಿದೆ.

ಹದಿನಾಲ್ಕು ವರ್ಷದ ಹಿರಿಯ ಹುಡುಗಿ ಹಗ್ಗದ ತುದಿ ತೆಗೆದುಕೊಂಡಳು. "ನೀವು ನಡುವಿನ ಗಂಟು ಹಿಡಿಯಿರಿ ಟೀಚರ್. ಸಮುದ್ರದ ಸದ್ದು ಬೆನ್ನಿಗೆ ಇಟ್ಟುಕೊಂಡರೆ ರಸ್ತೆ ಸಿಗುತ್ತದೆ." ಹಾಗೆಯೇ ನಡೆದೆವು. ಹಿಂದಿನಿಂದ ಆ ಎಂಟು ವರ್ಷದವನು ನಾನು ದಿನಾ ಅವನಿಗೆ ಹೇಳುವ ಮಾತನ್ನು ನನಗೇ ಹೇಳುತ್ತಿದ್ದ: "ಕಾಲು ಎಳೆಯಬೇಡಿ, ಎತ್ತಿ ಇಡಿ."

ಬಸ್ಸಿನಲ್ಲಿ ಜನ ತುಂಬಿದ್ದರು. ನನ್ನನ್ನು ಹಿಂದಿನ ಸೀಟಿಗೆ ನೂಕಿದರು. ಹುಡುಗಿ ಮುಂದೆ ಕಂಡಕ್ಟರನ ಹತ್ತಿರ ನಿಂತಳು. ಅವನು ಹಗ್ಗ ಹಿಡಿದ ಸಾಲನ್ನು ನೋಡಿ ಕೇಳಿದ: "ಕಣ್ಣು ಕಾಣುವವರು ನಿಮ್ಮ ಜೊತೆ ಯಾರೂ ಬರಲಿಲ್ಲವಾ?"

"ಒಬ್ಬರು ಬಂದಿದ್ದರು," ಎಂದಳು ಹುಡುಗಿ. "ಅಲೆ ಬಂತು, ಹೋಯಿತು."

ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. ಇಬ್ಬರು ಗಂಡಸರು ಹಾರಿ ಇಳಿದು ಸಮುದ್ರದ ಕಡೆ ಓಡಿದರು. ಮೀನಿನ ಬುಟ್ಟಿಯ ಹೆಂಗಸೊಬ್ಬರು ಅಳಲು ಶುರುಮಾಡಿದರು. ಏನಾಯಿತೆಂದು ಹಿಂದೆ ಕೂತ ನನಗೆ ಕಾಣುವುದೂ ಇಲ್ಲ, ಗದ್ದಲದಲ್ಲಿ ಕೇಳುವುದೂ ಇಲ್ಲ. ಮುಂದಿನ ಮಾತುಕತೆಯನ್ನು ಆಮೇಲೆ ಕಂಡಕ್ಟರನೇ ನನಗೆ ಹೇಳಿದ್ದು.

"ಹೋಗಿ ಎಷ್ಟು ಹೊತ್ತಾಯಿತು?" ಎಂದು ಕೇಳಿದನಂತೆ.

"ಅರ್ಧ ಗಂಟೆ."

"ಅರ್ಧ ಗಂಟೆಯಿಂದ ಯಾರಿಗೂ ಹೇಳಲಿಲ್ಲವಾ?"

"ಹೇಳಿ ಎಂತ ಪ್ರಯೋಜನ? ಅದು ಹೇಗೂ ಹಳತಾಗಿತ್ತು. ಟೀಚರ್ ಉಡುಪಿಯಲ್ಲಿ ಹೊಸತು ಮಾಡಿಸುತ್ತಾರಂತೆ."

ಬಸ್ಸು ಮತ್ತೆ ಹೊರಡಲು ಅರ್ಧ ಗಂಟೆ ಹಿಡಿಯಿತು. ನನ್ನನ್ನು ಹುಡುಕಲು ಸಮುದ್ರಕ್ಕೆ ಇಳಿದಿದ್ದ ಇಬ್ಬರನ್ನು ದಡಕ್ಕೆ ಕರೆಸಬೇಕಿತ್ತು.